ಗೆಳೆತನ ಬಿಡದೆ ಗೆರೆ ಎಳೆದದ್ದು: ನನ್ನ ಅನುಭವ

ಪಿಯುಸಿ ಎರಡನೆಯ ವರ್ಷದಲ್ಲಿ ತರಗತಿಯ ಹುಡುಗನೊಬ್ಬನ ಮೇಲೆ ನನಗೆ ಮನಸ್ಸಾಗಿತ್ತು. ಅವನಿಗಿಂತ ದೊಡ್ಡ ತಲೆನೋವಾದವಳು, ಆ ಸುದ್ದಿಯನ್ನು ತಾನೇ ಹೊತ್ತು ತಿರುಗತೊಡಗಿದ ನನ್ನ ಆಪ್ತ ಗೆಳತಿ. ಅವಳನ್ನು ಬಿಡಬೇಕು, ಇಲ್ಲವೇ ಸಹಿಸಬೇಕು ಎಂದು ಅಕ್ಕ ಹೇಳಿದ್ದಳು; ಕಲಬುರಗಿಯ ನಮ್ಮ ಟ್ಯೂಷನ್ ಬಳಗವೂ ಅದನ್ನೇ ಹೇಳಿತ್ತು. ಗೆಳೆತನವೂ ಉಳಿದಿದೆ, ಗೆರೆಯೂ ಉಳಿದಿದೆ, ಆದ್ದರಿಂದಲೇ ಬರೆಯುತ್ತಿದ್ದೇನೆ.

ಮೊದಲು ವಾಟ್ಸ್‌ಆ್ಯಪ್‌ನಲ್ಲಿ ಮ್ಯೂಟ್ ಮಾಡಿದೆ. ಅವಳು ಮನೆಗೇ ಬಂದು, ಅವ್ವನ ಎದುರಿಗೇ ಅವನ ಅಡ್ಡಹೆಸರು ಹಿಡಿದು ಮಾತು ತೆಗೆದಳು. ಬ್ಲಾಕ್ ಮಾಡಿದಾಗ ಮರುದಿನವೇ ಇಡೀ ತರಗತಿಗೆ ಗೊತ್ತಾಯಿತು. ಲಂಚದ ದಾರಿ ಎಲ್ಲಕ್ಕಿಂತ ದುಬಾರಿ. ಸುಮ್ಮನಿರಲೆಂದು ಮಿರ್ಚಿ ಭಜಿ, ಕಬ್ಬಿನ ಹಾಲು, ಒಮ್ಮೆ ಮೊಬೈಲ್ ರೀಚಾರ್ಜ್ ಎಂದು ಎರಡು-ಮೂರು ತಿಂಗಳಲ್ಲಿ ಸುಮಾರು 700-800 ರೂಪಾಯಿ, ಅಂದರೆ ನನ್ನ ಕೈಖರ್ಚಿನ ಬಹುಪಾಲು ಹೋಯಿತು. ಸುದ್ದಿಗೆ ಬೆಲೆಯಿದೆಯೆಂದು ಅವಳು ಕಲಿತದ್ದಷ್ಟೇ ಲಾಭ.

ಫಲ ಕೊಟ್ಟದ್ದು ಜಾಗ ಗೊತ್ತುಮಾಡಿದ್ದು. ಟ್ಯೂಷನ್ ಬಿಟ್ಟ ಮೇಲೆ ಜಗತ್ ವೃತ್ತದಿಂದ ಸೂಪರ್ ಮಾರ್ಕೆಟ್‌ವರೆಗೆ ನಡೆಯುವಾಗ ಅವನ ವಿಷಯವನ್ನು ಎಷ್ಟು ಬೇಕಾದರೂ ಆಡಬಹುದು. ತರಗತಿಯಲ್ಲಿ, ಫೋನಿನಲ್ಲಿ, ಮನೆಯಲ್ಲಿ ಆಡಿದರೆ ನಾನು ಉತ್ತರಿಸದೆ ಲೆಕ್ಕದ ಪುಸ್ತಕ ತೆರೆಯುತ್ತೇನೆ. ನನ್ನ ಪರವಾಗಿ ಅವನಿಗೆ ಏನನ್ನೂ ಹೇಳುವಂತಿಲ್ಲವೆಂಬುದು ಮಾತ್ರ ಆ ಹಾದಿಯಲ್ಲೂ ಸಡಿಲವಾಗಲಿಲ್ಲ. “ನನ್ನ ಪರಾಯಿ ಮಾಡಿದಿ ನೀ” ಎಂದು ವಾರಗಟ್ಟಲೆ ಮುನಿಸಿಕೊಂಡಳು. ಉತ್ತರ ನಿಲ್ಲಿಸಿದೆನೇ ಹೊರತು, ಮಧ್ಯಾಹ್ನದ ಡಬ್ಬಿಯ ರೊಟ್ಟಿ, ಶೇಂಗಾ ಹಿಂಡಿಯಲ್ಲಿ ಅವಳ ಪಾಲನ್ನು ಒಂದು ದಿನವೂ ನಿಲ್ಲಿಸಲಿಲ್ಲ. ನನ್ನ ಮಟ್ಟಿಗೆ ಕೆಲಸ ಮಾಡಿದ್ದು ಇದೇ.

ನಡುವೆ ಇನ್ನೊಂದು ಪ್ರಯೋಗ. ಒಮ್ಮೆ ಮಾತ್ರ ತೆರೆಯುವ ಫೋಟೊದ ಸ್ಕ್ರೀನ್‌ಶಾಟ್ ತೆಗೆಯಲು ವಾಟ್ಸ್‌ಆ್ಯಪ್ ಬಿಡುವುದಿಲ್ಲವಾದ್ದರಿಂದ, ಬೇಕೆಂದೇ ಸುಳ್ಳು ಬರೆದ ಡೈರಿಯ ಹಾಳೆಯೊಂದನ್ನು ಹಾಗೆ ಕಳುಹಿಸಿ ನೋಡಿದೆ. ಅವಳು ತನ್ನ ಅಣ್ಣನ ಫೋನಿನಿಂದ ಅದರ ಚಿತ್ರ ತೆಗೆದಿದ್ದಳು. ಅಂದಿನಿಂದ ಬರೆದದ್ದೇನನ್ನೂ ಕಳುಹಿಸಿಲ್ಲ.

ಹೋಳಿಯ ನಂತರ ಬರುವ ಶರಣಬಸವೇಶ್ವರ ಜಾತ್ರೆಯಲ್ಲಿ ಅವನನ್ನು ತೇರಿನ ಬಳಿ ನಿಲ್ಲಿಸಿ ನನ್ನನ್ನು ಅಲ್ಲಿಗೆ ಕರೆದೊಯ್ಯುವ ಯೋಜನೆ ಹಾಕಿದ್ದವಳು, “ನಿನ್ನ ಕೇಳದೆ ಮಾಡಬಾರ್ದಂತ ಬಿಟ್ಟೆ” ಎಂದಾಗ ಗೆರೆ ಗಟ್ಟಿಯಾಯಿತೆಂದು ತಿಳಿಯಿತು. ಅಕ್ಕನೂ ಈಗ ತನ್ನ ಗೆಳತಿಗಾಗಿ ಈ ಉಪಾಯವನ್ನು ನನ್ನಿಂದಲೇ ಕೇಳಿಕೊಂಡು ಹೋಗಿದ್ದಾಳೆ.

ಗೆರೆ ಎಳೆದ ದಿನ ನಾನಾಡಿದ ಮೊದಲ ವಾಕ್ಯವನ್ನು ಇಲ್ಲಿ ಬರೆಯುವುದಿಲ್ಲ. ಇದನ್ನು ಅವಳೂ ಓದುತ್ತಾಳೆ, ನನಗೆ ಅದು ಇನ್ನೂ ಒಂದೆರಡು ಸಲ ಬೇಕಾದೀತು.