ಮೊದಲು ಎಮ್ಮೆ, ಆಮೇಲೆ ಪಾವ್ಲೋವ್

ಹಾವೇರಿ ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ ನಾನು ಬಿ.ಎ. ಮೊದಲ ವರ್ಷಕ್ಕೆ ಮನಃಶಾಸ್ತ್ರ ಕಲಿಸುತ್ತೇನೆ. ಕೆಲಸಕ್ಕೆ ಸೇರಿದ ವರ್ಷ "ಪುನರ್ಬಲನ ಎಂದರೇನು?" ಎಂದು ಟೆಸ್ಟಿನಲ್ಲಿ ಕೇಳಿದ್ದೆ. ಒಂದು ವರ್ತನೆಗೆ ಸಿಕ್ಕ ಫಲದಿಂದ ಆ ವರ್ತನೆ ಮುಂದೆ ಹೆಚ್ಚುವುದಕ್ಕೆ ಇರುವ ಹೆಸರು ಅದು. ಮಕ್ಕಳು ನಾನು ಬರೆಸಿದ ನೋಟ್ಸನ್ನು ಒಂದಕ್ಷರ ತಪ್ಪದೆ ಬರೆದಿದ್ದರು. ನನಗೂ ಖುಷಿಯಾಗಿತ್ತು. ಎರಡು ವಾರ ಬಿಟ್ಟು ತರಗತಿಯಲ್ಲಿ ಹೀಗೇ ಕೇಳಿದೆ: ಅಂಗಡಿ ಮುಂದೆ ಮಗು ಹಟ ಮಾಡಿ ಅಳುತ್ತೆ, ಅವರಮ್ಮ ಚಾಕೊಲೇಟ್ ಕೊಡಿಸ್ತಾರೆ, ನಾಳೆ ಮಗು ಏನು ಮಾಡುತ್ತೆ? "ಮತ್ತ ಅಳ್ತೈತ್ರಿ ಮೇಡಂ" ಅಂತ ಇಡೀ ಕ್ಲಾಸು ಹೇಳಿತು. ಇದಕ್ಕೆ ಏನಂತಾರೆ ಅಂದೆ. ಒಬ್ಬರೂ ಬಾಯಿ ಬಿಡಲಿಲ್ಲ.

ವಿಷಯ ಅವರಿಗೆ ಗೊತ್ತಿತ್ತು. ಪದವೂ ಗೊತ್ತಿತ್ತು. ಎರಡನ್ನೂ ಸೇರಿಸುವ ಕೆಲಸ ನಾನು ಮಾಡಿರಲಿಲ್ಲ. ಅವತ್ತಿನಿಂದ ಪಾಠದ ಕ್ರಮ ತಿರುಗಿಸಿದೆ: ಪದ ಕೊನೆಗೆ, ಅನುಭವ ಮೊದಲು.

ಅನುಬಂಧನದ, ಅಂದರೆ ಎರಡು ಸಂಗತಿ ಮತ್ತೆ ಮತ್ತೆ ಜೊತೆಯಾಗಿ ಬಂದು ಒಂದಕ್ಕೊಂದು ಅಂಟಿಕೊಳ್ಳುವ ಕಲಿಕೆಯ, ಪಾಠದಿಂದ ಶುರು ಮಾಡಿದೆ. ಪುಸ್ತಕ ತೆಗೆಯಬೇಡಿ ಅಂದು, ಕಣ್ಣು ಮುಚ್ಚಿಸಿ, ಎಳೆ ಹುಣಸೆಕಾಯಿ, ಉಪ್ಪು, ಹಸಿಮೆಣಸಿನಕಾಯಿ ಮೂರನ್ನೂ ಕಲ್ಲಿನ ಮೇಲಿಟ್ಟು ಜಜ್ಜುವುದನ್ನು ನಿಧಾನವಾಗಿ ಬಣ್ಣಿಸಿದೆ. ಅರ್ಧ ಕ್ಲಾಸಿನ ಬಾಯಲ್ಲಿ ನೀರು. ಇಲ್ಲಿ ಹುಣಸೆಕಾಯಿ ಇಲ್ಲವೇ ಇಲ್ಲ, ಬರೀ ನನ್ನ ಮಾತು ಇದೆ, ಹಾಗಾದ್ರೆ ಜೊಲ್ಲು ಬಂದದ್ದು ಯಾಕೆ ಅಂತ ಕೇಳಿದೆ. ಆಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ಹೇಳಿದಳು: "ನಮ್ಮ ಎಮ್ಮಿನೂ ಹಂಗ ಮಾಡ್ತೈತ್ರಿ. ನಮ್ಮವ್ವ ಹಿಂಡೋ ಚರಿಗಿ ಸಪ್ಪಳ ಮಾಡಿದ್ರ ಸಾಕ್ರಿ, ಕೈ ಹಚ್ಚೂದ್ರಾಗ ಹಾಲು ಬಿಡಾಕ ಶುರು ಮಾಡ್ತೈತಿ."

ಅಂಥ ಉದಾಹರಣೆ ನನಗೆ ಯಾವ ಪಠ್ಯದಲ್ಲೂ ಸಿಕ್ಕಿರಲಿಲ್ಲ. ಕರು ಮೊಲೆಗೆ ಬಾಯಿ ಹಾಕಿದರೆ, ಅಥವಾ ಕೈ ತಾಗಿದರೆ, ಹಾಲು ಇಳಿಯುವುದು ಹುಟ್ಟಿನಿಂದ ಬಂದದ್ದು. ಅದನ್ನು ಯಾರೂ ಕಲಿಸಬೇಕಾಗಿಲ್ಲ. ಚರಿಗೆಯ ಸದ್ದಿಗೂ ಹಾಲಿಗೂ ಹುಟ್ಟಿನಿಂದ ಏನೂ ಸಂಬಂಧ ಇಲ್ಲ, ದಿನಾ ಸದ್ದಿನ ಹಿಂದೆಯೇ ಕೈ ಬಂದು ಬಂದು ಆ ಸಂಬಂಧ ಬೆಳೆದಿದೆ. ಇಷ್ಟನ್ನು ಅವಳ ಬಾಯಿಂದಲೇ ಹೇಳಿಸಿದ ಮೇಲೆ ಬೋರ್ಡಿನ ಮೇಲೆ ನಾಲ್ಕು ಪದ ಬರೆದೆ: ಸಹಜ ಪ್ರಚೋದನೆ, ಸಹಜ ಪ್ರತಿಕ್ರಿಯೆ, ಅನುಬಂಧಿತ ಪ್ರಚೋದನೆ, ಅನುಬಂಧಿತ ಪ್ರತಿಕ್ರಿಯೆ. ಯಾವುದು ಎಲ್ಲಿ ಕೂರುತ್ತೆ ಅಂತ ಅವರೇ ಜಗಳವಾಡಿ ಕೂರಿಸಿದರು: ಕೈ ತಾಗುವುದು ಸಹಜ ಪ್ರಚೋದನೆ, ಅದಕ್ಕೆ ಹಾಲು ಇಳಿಯುವುದು ಸಹಜ ಪ್ರತಿಕ್ರಿಯೆ, ಚರಿಗೆಯ ಸದ್ದು ಅನುಬಂಧಿತ ಪ್ರಚೋದನೆ, ಬರೀ ಸದ್ದಿಗೇ ಹಾಲು ಇಳಿಯುವುದು ಅನುಬಂಧಿತ ಪ್ರತಿಕ್ರಿಯೆ. ಆಮೇಲೆ ಪಾವ್ಲೋವ್ ಬಂದ. ಅವನು ಜೀರ್ಣಕ್ರಿಯೆಯ ಮೇಲೆ ಕೆಲಸ ಮಾಡುತ್ತಿದ್ದ ಶರೀರಶಾಸ್ತ್ರಜ್ಞ, 1904ರಲ್ಲಿ ನೊಬೆಲ್ ಬಂದದ್ದೂ ಅದಕ್ಕೇ. ಊಟ ಬಾಯಿಗೆ ಬೀಳುವ ಮೊದಲೇ ನಾಯಿಗಳು ಜೊಲ್ಲು ಸುರಿಸುತ್ತಿದ್ದುದನ್ನು ಅವನು ತೊಂದರೆ ಅಂತ ಬದಿಗೆ ತಳ್ಳದೆ, ಅದನ್ನೇ ಹಿಡಿದು ವರ್ಷಗಟ್ಟಲೆ ಕೂತ. ಅದನ್ನು ಹೇಳುವಾಗ ಮಕ್ಕಳು ಆ ಹುಡುಗಿಯ ಕಡೆ ತಿರುಗಿ ನೋಡುತ್ತಿದ್ದರು.

ನನ್ನ ಅನುಭವದಲ್ಲಿ ಮೊದಲ ವರ್ಷದ ಸಿಲಬಸ್‌ನಲ್ಲಿ ಎಲ್ಲಕ್ಕಿಂತ ಜಾಸ್ತಿ ಕೈ ಕೊಡುವುದು ಋಣಾತ್ಮಕ ಪುನರ್ಬಲನ. ನೆಗೆಟಿವ್ ಅಂದರೆ ಕೆಟ್ಟದ್ದು ಅನ್ನುವುದು ಮನಸ್ಸಲ್ಲಿ ಕೂತುಬಿಟ್ಟಿದೆ, ಹಾಗಾಗಿ ಹತ್ತರಲ್ಲಿ ಎಂಟು ಜನ ಅದನ್ನು ಶಿಕ್ಷೆ ಅಂತಲೇ ಬರೆಯುತ್ತಾರೆ. ನಾನು ಈಗ ವ್ಯಾಖ್ಯೆ ಹೇಳುವುದೇ ಇಲ್ಲ. ಎರಡೇ ಪ್ರಶ್ನೆ ಕೇಳಿಕೊಳ್ಳಿ ಅನ್ನುತ್ತೇನೆ. ಏನಾದರೂ ಕೂಡಿತಾ, ಕಳೆಯಿತಾ? ಆ ವರ್ತನೆ ಮುಂದೆ ಜಾಸ್ತಿ ಆಯ್ತಾ, ಕಡಿಮೆ ಆಯ್ತಾ? ಮೊದಲನೆಯದಕ್ಕೆ ಧನ, ಋಣ ಎಂಬ ಹೆಸರು. ಎರಡನೆಯದಕ್ಕೆ ಪುನರ್ಬಲನ, ಶಿಕ್ಷೆ ಎಂಬ ಹೆಸರು. ಒಳ್ಳೆಯದು ಕೆಟ್ಟದ್ದು ಎಂಬ ಮಾತೇ ಇಲ್ಲಿ ಬರುವುದಿಲ್ಲ.

ಆಮೇಲೆ ಅಳುವ ಮಗುವಿನ ಕೈಗೆ ಮೊಬೈಲ್ ಕೊಡುವ ದೃಶ್ಯ ತರುತ್ತೇನೆ. ಮಗುವಿಗೆ ಮೊಬೈಲ್ ಸಿಕ್ಕಿತು, ನಾಳೆ ಅಳು ಜಾಸ್ತಿ: ಕೂಡಿತು, ಹೆಚ್ಚಿತು, ಧನಾತ್ಮಕ ಪುನರ್ಬಲನ. ಇಲ್ಲಿಗೆ ಎಲ್ಲರೂ ಬರುತ್ತಾರೆ. ಈಗ ಅಮ್ಮನ ಕಡೆಯಿಂದ ನೋಡಿ ಅಂದರೆ ಕ್ಲಾಸು ಒಂದು ನಿಮಿಷ ಸುಮ್ಮನಾಗುತ್ತೆ. ಅಮ್ಮ ಮೊಬೈಲ್ ಕೊಟ್ಟಳು, ಕಿವಿಗೆ ಬೀಳುತ್ತಿದ್ದ ಅಳು ನಿಂತಿತು, ನಾಳೆ ಅವಳು ಇನ್ನೂ ಬೇಗ ಮೊಬೈಲ್ ಕೊಡುತ್ತಾಳೆ. ಕಳೆಯಿತು, ಹೆಚ್ಚಿತು. ಋಣಾತ್ಮಕ ಪುನರ್ಬಲನ ಅಂದರೆ ಅದೇ. ಮಗು ಕಲಿಯುತ್ತಿದೆ ಅಂತ ಎಲ್ಲರಿಗೂ ಕಾಣುತ್ತೆ, ಅದೇ ಕ್ಷಣದಲ್ಲಿ ಅಮ್ಮನೂ ಕಲಿಯುತ್ತಿದ್ದಾಳೆ ಅನ್ನುವುದು ಯಾರಿಗೂ ಕಾಣುವುದಿಲ್ಲ.

ಇದನ್ನು ಹೇಳುತ್ತಿರುವಾಗ ಒಂದು ದಿನ ನನಗೆ ನನ್ನ ವಿಷಯವೇ ಹೊಳೆಯಿತು. ಮಕ್ಕಳು ಗಲಾಟೆ ಮಾಡಿದಾಗ ನಾನು ಜೋರಾಗಿ ಕೂಗುತ್ತಿದ್ದೆ. ಕ್ಲಾಸು ತಕ್ಷಣ ಸುಮ್ಮನಾಗುತ್ತಿತ್ತು. ಗಲಾಟೆ ಕಳೆಯಿತು, ನನ್ನ ಕೂಗಾಟ ಹೆಚ್ಚಿತು. ಐದು ನಿಮಿಷಕ್ಕೆ ಗಲಾಟೆ ಮತ್ತೆ ಬರುತ್ತಿತ್ತು, ಆದರೂ ನಾನು ಬಿಟ್ಟಿರಲಿಲ್ಲ. ಅದನ್ನು ಅವತ್ತೇ ಕ್ಲಾಸಿನಲ್ಲಿ ಉದಾಹರಣೆಯಾಗಿ ಹೇಳಿದೆ. ಮುಚ್ಚಿಡುವಂಥದ್ದೇನೂ ಇರಲಿಲ್ಲ, ಪಾಠಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿಯೂ ಇರಲಿಲ್ಲ.

ನೆನಪಿನ ಪಾಠಕ್ಕೆ ಜಾಸ್ತಿ ದಿನ ಬೇಕಾಯಿತು. ಜರ್ಮನಿಯ ಮನಃಶಾಸ್ತ್ರಜ್ಞ ಎಬ್ಬಿಂಗ್‌ಹೌಸ್ ಸುಮಾರು 2,300 ಅರ್ಥವಿಲ್ಲದ ಪದತುಣುಕುಗಳನ್ನು ಮಾಡಿಕೊಂಡು, ತನ್ನ ಮೇಲೆ ತಾನೇ ಪ್ರಯೋಗ ಮಾಡಿಕೊಂಡು, 1885ರಲ್ಲಿ ಫಲಿತಾಂಶ ಪ್ರಕಟಿಸಿದ. ನಾವೂ ಮಾಡೋಣ ಅಂತ ಹೊರಟೆವು. ಕನ್ನಡದಲ್ಲಿ ಅರ್ಥವಿಲ್ಲದ ಪದ ಮಾಡುವುದು ಎಷ್ಟು ಕಷ್ಟ ಅಂತ ಆಗ ತಿಳಿಯಿತು. ಎರಡಕ್ಷರ ಸೇರಿಸಿದರೆ ಯಾವುದಾದರೂ ಒಂದು ಊರಿನಲ್ಲಿ ಅದಕ್ಕೆ ಅರ್ಥ ಇರುತ್ತೆ! ಕೊನೆಗೆ ಮೂರಕ್ಷರಕ್ಕೆ ಹೋದೆವು: ಮುಟೆಗ, ಠೆಬಿಲ, ಪೆಜೋಡ, ಜಿಲೆಬ, ಹೀಗೆ ಹನ್ನೆರಡು. ಜಿಲೆಬ ಮಾತ್ರ ಯಾರಿಗೂ ಮರೆಯಲೇ ಇಲ್ಲ, ಯಾಕೆ ಅಂತ ಹೇಳಬೇಕಾಗಿಲ್ಲ ಅಲ್ವಾ. ಅರ್ಥ ಇದ್ದರೆ ನೆನಪು ಅದನ್ನು ಹಿಡಿದು ಹತ್ತಿಬಿಡುತ್ತೆ, ಅದಕ್ಕೇ ಎಬ್ಬಿಂಗ್‌ಹೌಸ್ ಅರ್ಥ ತೆಗೆದುಹಾಕಿದ್ದು. ನಾನು ಅದನ್ನು ವಿವರಿಸುವ ಮೊದಲೇ ಪಟ್ಟಿಯಿಂದ ಜಿಲೆಬ ತೆಗೀರಿ ಮೇಡಂ ಅಂದರು.

ಅವನ ಲೆಕ್ಕದ ರೀತಿ ತುಂಬ ಚೆನ್ನ. ಎಷ್ಟು ನೆನಪಿದೆ ಅಂತ ಅವನು ಕೇಳುವುದಿಲ್ಲ. ಮತ್ತೆ ಕಲಿಯಲು ಎಷ್ಟು ಕಡಿಮೆ ಶ್ರಮ ಸಾಕಾಯಿತು ಅಂತ ನೋಡುತ್ತಾನೆ. ಪಟ್ಟಿ ಬಾಯಿಪಾಠ ಆಗಲು ಮೊದಲ ದಿನ 15 ಸಲ ಓದಬೇಕಾಯಿತು, ಮರುದಿನ 9 ಸಲ ಸಾಕಾಯಿತು ಅಂದುಕೊಳ್ಳಿ. ಉಳಿದದ್ದು 6 ಸಲ, ಅಂದರೆ ಶೇ 40 ಉಳಿತಾಯ. ಒಂದು ಪದವೂ ನೆನಪಿಲ್ಲ ಎಂದವರಿಗೂ ಉಳಿತಾಯ ಸಿಗುತ್ತೆ. ಇದು ನನ್ನ ಮಕ್ಕಳಿಗೆ ದೊಡ್ಡ ಸಮಾಧಾನ ಕೊಟ್ಟಿತು, ಯಾಕೆಂದರೆ ಓದಿದ್ದೆಲ್ಲ ಹೋಯ್ತು ಅಂತ ಅಳುವವರು ಪ್ರತಿ ಸೆಮಿಸ್ಟರ್ ಇರುತ್ತಾರೆ. ಎಬ್ಬಿಂಗ್‌ಹೌಸ್‌ಗೆ ಸಿಕ್ಕ ಉಳಿತಾಯ 20 ನಿಮಿಷಕ್ಕೆ ಶೇ 58, ಒಂದು ದಿನಕ್ಕೆ ಶೇ 34, 31 ದಿನಕ್ಕೆ ಶೇ 21. ಮೊದಲ ದಿನದಲ್ಲೇ ಧಡಕ್ಕನೆ ಇಳಿದು ಆಮೇಲೆ ನಿಧಾನವಾಗುತ್ತೆ. ಆದ್ದರಿಂದ ನೋಟ್ಸನ್ನು ಪರೀಕ್ಷೆ ಹಿಂದಿನ ವಾರಕ್ಕೆ ಇಡಬೇಡಿ, ಅದೇ ದಿನ ರಾತ್ರಿ ಒಮ್ಮೆ ತೆಗೆಯಿರಿ ಅನ್ನುತ್ತೇನೆ.

ತೆಗೆಯಿರಿ ಅಂದರೆ ಓದಿ ಅಂತಲ್ಲ, ಮುಚ್ಚಿಟ್ಟು ಬರೆಯಿರಿ ಅಂತ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಮನಃಶಾಸ್ತ್ರಜ್ಞರು ಇದನ್ನೇ ಪರೀಕ್ಷಿಸಿದ್ದರು. ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದೆ. ವಾರ ಬಿಟ್ಟು ಕೇಳಿದಾಗ, ಪುಸ್ತಕ ನೋಡದೆ ನೆನಪಿಸಿಕೊಂಡು ಬರೆದವರು ಮುಂದೆ. ಈಗ ನನ್ನ ಪ್ರತಿ ಕ್ಲಾಸಿನ ಮೊದಲ ಐದು ನಿಮಿಷ ನಿನ್ನೆಯ ಮೂರು ಪ್ರಶ್ನೆಗೆ ಖಾಲಿ ಹಾಳೆಯಲ್ಲಿ ಉತ್ತರ. ಅಂಕ ಇಲ್ಲ, ಹೆಸರೂ ಬೇಡ. ಮೊದಲು ಗೊಣಗಿದರು, ನಾನು ಬಿಡಲಿಲ್ಲ.

ಇತಿಹಾಸದ ಪಾಠ ಬೇಗ ಮುಗಿಸುತ್ತೇನೆ. 1879ರಲ್ಲಿ ಲೈಪ್ಜಿಗ್‌ನಲ್ಲಿ ವುಂಟ್‌ನ ಮನಃಶಾಸ್ತ್ರ ಪ್ರಯೋಗಾಲಯ, 1913ರಲ್ಲಿ ವರ್ತನಾವಾದ (ಕಣ್ಣಿಗೆ ಕಾಣುವ ವರ್ತನೆಯನ್ನಷ್ಟೇ ಅಧ್ಯಯನ ಮಾಡಬೇಕು ಅನ್ನುವ ವಾದ) ಸಾರಿದ ವಾಟ್ಸನ್, ಇವೆಲ್ಲ ಒಂದೇ ತಾಸು. ನಿಲ್ಲುವುದು ಮೈಸೂರಿನ ಹತ್ತಿರ. ಲಂಡನ್ನಿನಲ್ಲಿ ಬುದ್ಧಿಶಕ್ತಿಯ ಅಧ್ಯಯನಕ್ಕೆ ಹೆಸರಾದ ಸ್ಪಿಯರ್‌ಮನ್ ಬಳಿ ಕಲಿತು ಬಂದ ಎಂ.ವಿ. ಗೋಪಾಲಸ್ವಾಮಿ 1924ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಮನಃಶಾಸ್ತ್ರ ವಿಭಾಗ ಶುರು ಮಾಡಿದರು. ಅವರೇ 1935ರಲ್ಲಿ ಮನೆಯಲ್ಲಿ ರೇಡಿಯೊ ಕೇಂದ್ರ ಶುರು ಮಾಡಿದವರು, ಆಕಾಶವಾಣಿ ಎಂಬ ಹೆಸರು ಅಲ್ಲಿಂದ ಬಂದದ್ದು. ಮನಃಶಾಸ್ತ್ರ ಅಂದರೆ ಹೊರದೇಶದವರ ಹೆಸರುಗಳ ಪಟ್ಟಿ ಅಂದುಕೊಂಡ ಮಕ್ಕಳು ಇಲ್ಲಿ ತಲೆ ಎತ್ತುತ್ತಾರೆ.

ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಆ ಎಮ್ಮೆಯ ಹುಡುಗಿ ಸ್ಟಾಫ್ ರೂಮಿಗೆ ಬಂದಳು. ಹಿತ್ತಾಳೆ ಚರಿಗೆ ತೂತು ಬಿದ್ದು, ಮನೆಯಲ್ಲಿ ಪ್ಲಾಸ್ಟಿಕ್ ಬಕೆಟ್ ತಂದಿದ್ದರಂತೆ. "ಸಪ್ಪಳನ ಆಗೂದಿಲ್ರಿ ಅದು. ಎಮ್ಮಿ ಸುಮ್ನ ನಿಂತಿತ್ತು. ಅವ್ವ ಕೈ ಹಚ್ಚಿ ಸ್ವಲ್ಪ ಹೊತ್ತಾದ ಮ್ಯಾಲ ಬಿಟ್ಟತ್ರಿ." ನಾನು ಏನೂ ಹೇಳಲಿಲ್ಲ, ಕಾದೆ. ಅವಳೇ ಯೋಚಿಸಿ ಹೇಳಿದಳು: "ಸಪ್ಪಳ ಕಲ್ತಿದ್ದು, ಅದು ಹೋತು. ಕೈ ಕಲ್ತಿದ್ದಲ್ಲ, ಅದು ಇನ್ನೂ ಐತ್ರಿ."