ಹೆಣ್ಣುನಾಯಿಗೆ ಆಪರೇಷನ್: ಹೊಲಿಗೆ ಬಿಚ್ಚುವವರೆಗೆ ಮನೆಯವರ ಕೆಲಸ

ಸಂತಾನಹರಣ ಶಸ್ತ್ರಚಿಕಿತ್ಸೆಯಲ್ಲಿ ವೈದ್ಯರ ಪಾಲು ಒಂದೆರಡು ಗಂಟೆ. ಮನೆಯವರ ಪಾಲು ಹತ್ತರಿಂದ ಹದಿನಾಲ್ಕು ದಿನ. ಎಡವಟ್ಟುಗಳು ನುಸುಳುವುದು ಈ ಎರಡನೆಯ ಪಾಲಿನಲ್ಲೇ, ಮತ್ತು ಬಹಳಷ್ಟು ಸಲ ಅದಕ್ಕೆ ಕಾರಣ ನಮ್ಮ ಅಕ್ಕರೆ.

ಮೊದಲು ದಿನ ಗೊತ್ತುಮಾಡಿಕೊಳ್ಳಿ. ಬೆದೆಯಲ್ಲಿರುವಾಗ ಗರ್ಭಕೋಶಕ್ಕೆ ರಕ್ತ ಸಂಚಾರ ಹೆಚ್ಚಿರುವುದರಿಂದ, ಬೆದೆ ಮುಗಿದು ಎರಡು–ಮೂರು ತಿಂಗಳು ಕಳೆಯಲಿ ಎನ್ನುವ ವೈದ್ಯರೇ ಹೆಚ್ಚು. ಆದರೆ ಬೆದೆ ಮುಗಿದ ಕೆಲವು ವಾರಗಳಲ್ಲಿ ನಾಯಿ ಮಂಕಾಗಿ, ಊಟ ಬಿಟ್ಟು, ಮಿತಿಮೀರಿ ನೀರು ಕುಡಿಯತೊಡಗಿದರೆ ಗರ್ಭಕೋಶದಲ್ಲಿ ಕೀವು ತುಂಬಿರಬಹುದು. ಆಗ ಕಾಯುವ ಮಾತೇ ಇಲ್ಲ, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಖಾಸಗಿ ಕ್ಲಿನಿಕ್‌ನ ದರ ಭಾರವೆನಿಸಿದರೆ ಹತ್ತಿರದ ಸರ್ಕಾರಿ ಪಶು ಆಸ್ಪತ್ರೆಯಲ್ಲಿ ಅಥವಾ ಹೆಬ್ಬಾಳ, ಬೀದರ್, ಹಾಸನ, ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ ವಿಚಾರಿಸಿ.

ರಕ್ತಪರೀಕ್ಷೆ ಬೇಕೇ ಎಂದು ಚೌಕಾಸಿ ಮಾಡಬೇಡಿ. ನಮ್ಮಲ್ಲಿ ಉಣುಗು ಕಚ್ಚಿ ಬರುವ ಜ್ವರ ನಾಯಿಗಳಿಗೆ ಸಾಮಾನ್ಯ. ಮೇಲ್ನೋಟಕ್ಕೆ ಕುಣಿದಾಡುವ ನಾಯಿಯಲ್ಲೂ ಅದು ಒಳಗೊಳಗೇ ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಲು ಬೇಕಾದ ಕಣಗಳು) ಇಳಿಸಿರಬಹುದು. ಅಂಥ ನಾಯಿಗೆ ಕತ್ತರಿ ಹಾಕಿದರೆ ರಕ್ತ ನಿಲ್ಲುವುದು ಕಷ್ಟ. ಪಗ್‌ನಂತಹ ಮೊಂಡು ಮೂಗಿನ ತಳಿಯಾದರೆ ಉಸಿರಾಟದ ಬಗ್ಗೆ, ಮುಧೋಳದಂತಹ ತೆಳುಮೈಯ ಬೇಟೆನಾಯಿಯಾದರೆ ಅರಿವಳಿಕೆಯ ಬಗ್ಗೆ ಮೊದಲೇ ಮಾತನಾಡಿ. ಕೆಲವು ಹಳೆಯ ಅರಿವಳಿಕೆ ಔಷಧಗಳಿಂದ ಚೇತರಿಸಿಕೊಳ್ಳಲು ಬೇಟೆನಾಯಿಗಳಿಗೆ ಹೆಚ್ಚು ಹೊತ್ತು ಬೇಕಾಗುತ್ತದೆ.

ಹಿಂದಿನ ರಾತ್ರಿಯಿಂದ ಉಪವಾಸ. ಎಷ್ಟು ಗಂಟೆ, ನೀರು ಯಾವಾಗ ನಿಲ್ಲಿಸಬೇಕು ಎಂಬುದನ್ನು ವೈದ್ಯರಿಂದಲೇ ಕೇಳಿ ಬರೆದುಕೊಳ್ಳಿ, ಏಕೆಂದರೆ ಮರಿಗಳಿಗೆ ಲೆಕ್ಕ ಬೇರೆ. ಅರಿವಳಿಕೆಯಲ್ಲಿ ವಾಂತಿಯಾದರೆ ಅದು ಶ್ವಾಸಕೋಶಕ್ಕೆ ಇಳಿಯುವ ಭಯವಿದೆ. ಇದನ್ನು ಮನೆಮಂದಿಗೆಲ್ಲ, ಮುಖ್ಯವಾಗಿ ಅಜ್ಜಿಗೆ, ಬಿಡಿಸಿ ಹೇಳಿ. ‘ಪಾಪ, ಬರಿಹೊಟ್ಟೆಯಲ್ಲಿ ಹೋಗುತ್ತಿದೆ’ ಎಂದು ಒಂದು ಬಿಸ್ಕತ್ತು ಬಾಯಿಗಿಟ್ಟರೂ ಅದನ್ನು ವೈದ್ಯರಿಂದ ಮುಚ್ಚಿಡಬೇಡಿ. ಆಪರೇಷನ್ ಮುಂದೂಡಿದರೆ ನಷ್ಟವೇನಿಲ್ಲ.

ಮನೆಗೆ ಬಂದ ದಿನ ನಾಯಿ ತೂರಾಡುತ್ತದೆ, ಕುಂಯ್‌ಗುಡುತ್ತದೆ, ನಡುಗುತ್ತದೆ. ಟೈಲ್ಸ್ ನೆಲದಲ್ಲಿ ಕಾಲು ಜಾರುವುದರಿಂದ ಗೋಣಿತಾಟೋ ಜಮಖಾನವೋ ಹಾಸಿ, ಬೆಚ್ಚಗಿನ ಮೂಲೆಯಲ್ಲಿ ಮಲಗಿಸಿ. ಮಂಚ, ಸೋಫಾ, ಮೆಟ್ಟಿಲು ಬೇಡ. ಪೂರ್ತಿ ಎಚ್ಚರವಾದ ಮೇಲೆ ನೀರು ಸ್ವಲ್ಪಸ್ವಲ್ಪವೇ ಕೊಡಿ, ಊಟ ಎಂದಿನದಕ್ಕಿಂತ ಕಡಿಮೆ ಇರಲಿ. ಗಂಟಲಿಗೆ ನಳಿಕೆ ಹಾಕಿದ್ದರೆ ಒಂದೆರಡು ದಿನ ಕೆಮ್ಮಬಹುದು. ಆಗಾಗ ತುಟಿ ಎತ್ತಿ ಒಸಡು ನೋಡಿ. ಗುಲಾಬಿ ಬಣ್ಣವಿದ್ದರೆ ಸರಿ. ಬಿಳಚಿಕೊಂಡಿದ್ದು, ಹೊಟ್ಟೆ ಉಬ್ಬುತ್ತಿದ್ದು, ನಾಯಿ ಏಳಲೊಲ್ಲದಿದ್ದರೆ ಒಳಗೆ ರಕ್ತ ಸೋರುತ್ತಿರಬಹುದು. ಬೆಳಗಾಗಲಿ ಎನ್ನದೆ ವೈದ್ಯರಿಗೆ ಫೋನ್ ಮಾಡಿ.

ಇನ್ನು ನಾಲಿಗೆಯ ವಿಚಾರ. ನೆಕ್ಕಿದರೆ ಗಾಯ ವಾಸಿಯಾಗುತ್ತದೆ ಎಂಬ ನಂಬಿಕೆ ಹಳ್ಳಿಯಲ್ಲೂ ಇದೆ, ಅಪಾರ್ಟ್‌ಮೆಂಟ್‌ನಲ್ಲೂ ಇದೆ. ವಾಸ್ತವದಲ್ಲಿ ನೆಕ್ಕಿದಷ್ಟೂ ಗಾಯ ಒದ್ದೆಯಾಗಿ ಸೋಂಕು ತಗಲುತ್ತದೆ. ಹಲ್ಲು ಸಿಕ್ಕಿದರೆ ಹೊಲಿಗೆಯೇ ಕಿತ್ತುಬರುತ್ತದೆ. ಕುತ್ತಿಗೆಗೆ ಹಾಕುವ ಪ್ಲಾಸ್ಟಿಕ್ ಕೋನ್ ಮೂಗಿನ ತುದಿಗಿಂತ ತುಸು ಮುಂದೆ ಚಾಚಿರಬೇಕು, ಗಿಡ್ಡವಾದರೆ ವ್ಯರ್ಥ. ಅದನ್ನು ಒಲ್ಲದ ನಾಯಿಗೆ ಮಕ್ಕಳ ಹಳೆಯ ಟೀ ಶರ್ಟ್ ಆದೀತು: ಮುಂಭಾಗ ಬೆನ್ನಿಗೆ ಬರುವಂತೆ ತೊಡಿಸಿ, ಮುಂಗಾಲುಗಳನ್ನು ತೋಳಿನಲ್ಲಿ ತೂರಿಸಿ, ಅಂಚನ್ನು ಸೊಂಟದ ಮೇಲೆ ಒಟ್ಟುಗೂಡಿಸಿ ರಬ್ಬರ್ ಬ್ಯಾಂಡ್‌ನಿಂದ ಬಟ್ಟೆಯನ್ನಷ್ಟೇ ಕಟ್ಟಿ. ಮೂತ್ರಕ್ಕೆ ಬಿಡುವಾಗ ಬಿಚ್ಚಿ, ಒದ್ದೆಯಾದರೆ ಬದಲಿಸಿ. ನಾಯಿ ಒಂಟಿಯಾಗಿರುವಾಗ ಮಾತ್ರ ಕೋನ್‌ಗೇ ನನ್ನ ಮತ.

ಗಾಯಕ್ಕೆ ಅರಿಶಿನ, ಕೊಬ್ಬರಿ ಎಣ್ಣೆ, ಬೇವಿನ ಸೊಪ್ಪಿನ ರಸ ಯಾವುದೂ ಬೇಡ. ದಿನಕ್ಕೆರಡು ಬಾರಿ ಕಣ್ಣಿಟ್ಟು ನೋಡಿದರೆ ಸಾಕು. ಊತ ಹೆಚ್ಚುವುದು, ಕೀವು, ದುರ್ವಾಸನೆ ಕಂಡರೆ ವೈದ್ಯರಿಗೆ ತೋರಿಸಿ. ಅಂಗಳದಲ್ಲಿರುವ ನಾಯಿಯಾದರೆ ನೊಣದ ಕಾಟವೇ ದೊಡ್ಡದು. ನೊಣ ಮೊಟ್ಟೆಯಿಟ್ಟರೆ ಗಾಯಕ್ಕೆ ಹುಳ ಬೀಳುತ್ತದೆ. ಹಾಗಾಗಿ ಈ ದಿನಗಳಲ್ಲಾದರೂ ಒಳಗೆ ಕಟ್ಟಿ. ನೋವಿಗೆ ವೈದ್ಯರು ಬರೆದುಕೊಟ್ಟ ಮಾತ್ರೆಯಷ್ಟೇ ಕೊಡಿ. ಮನೆಯ ಡಬ್ಬಿಯಲ್ಲಿರುವ ಐಬುಪ್ರೊಫೇನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡವನ್ನೂ ಕೆಡಿಸಬಲ್ಲದು.

ಮೂರನೆಯ ದಿನಕ್ಕೇ ಅದು ಚೆಂಡು ಕಚ್ಚಿಕೊಂಡು ಬಂದು ನಿಲ್ಲಬಹುದು. ಮನಸ್ಸು ಕರಗಿಸಿಕೊಳ್ಳಬೇಡಿ, ಹೊಲಿಗೆ ಬಿಚ್ಚುವವರೆಗೆ ಓಟ, ಜಿಗಿತ, ಸ್ನಾನ ಎಲ್ಲಕ್ಕೂ ರಜೆ. ಹಗ್ಗ ಹಿಡಿದು ಗಿಡ್ಡ ನಡಿಗೆ ಸಾಕು. ಹೊಲಿಗೆ ಬಿಚ್ಚಿಸಲು ಹೋದಾಗ ತೂಕ ಬರೆಸಿಕೊಂಡು, ಇನ್ನು ಮುಂದೆ ಊಟ ಎಷ್ಟಿರಬೇಕೆಂದು ಕೇಳಿ ಬನ್ನಿ. ಸಂತಾನಹರಣವಾದ ನಾಯಿಗೆ ಮೊದಲಿನಷ್ಟು ಆಹಾರ ಬೇಕಿಲ್ಲ, ಆದರೆ ಹಸಿವು ಮಾತ್ರ ಮೊದಲಿಗಿಂತ ಹೆಚ್ಚಾಗಬಹುದು.