ಏರಿನಲ್ಲಿ ನಿಲ್ಲುವ ಅಂಬಾಸಿಡರ್: ಬಾಟ್ಲಿ ನೇತುಹಾಕಿ ಹಿಡಿದ ದೋಷ

ಸಂಪಾಜೆ ದಾಟಿ ಮಡಿಕೇರಿ ಏರು ಹಿಡಿದ ನಾಲ್ಕೋ ಐದೋ ಕಿಲೋಮೀಟರಿಗೆ ಎಂಜಿನ್ ನಿಲ್ಲುತ್ತದೆ. ಬಾನೆಟ್ ತೆರೆದಿಟ್ಟು ಅರ್ಧ ಗಂಟೆ ಕಾದರೆ ಏನೂ ಆಗದ ಹಾಗೆ ಸ್ಟಾರ್ಟ್ ಆಗುತ್ತದೆ. ಹಳೆ ಪೆಟ್ರೋಲ್ ಅಂಬಾಸಿಡರ್ ಇಟ್ಟುಕೊಂಡವರಿಗೆ ಈ ಕಾಯಿಲೆಯ ಪರಿಚಯ ಬೇಡ. ನನ್ನದು ಮಾರ್ಕ್ 4, 1489 ಸಿಸಿ, ಸೋಲೆಕ್ಸ್ ಕಾರ್ಬೊರೇಟರ್, ಬ್ಲಾಕಿಗೆ ಬೋಲ್ಟ್ ಮಾಡಿದ, ಎಂಜಿನೇ ಓಡಿಸುವ ‘ಎಸಿ’ ಕಂಪನಿಯ ಪೆಟ್ರೋಲ್ ಪಂಪ್. ಚೆರ್ಕಳದಿಂದ ಜಾಲ್ಸೂರು, ಸುಳ್ಯದವರೆಗೆ ಒಂದು ಕೆಮ್ಮೂ ಇಲ್ಲ. ಏರಿನಲ್ಲಿ ಮಾತ್ರ ಹಠ.

ನೋಡಿದ ಮೇಸ್ತ್ರಿಗಳೆಲ್ಲ ಬಾನೆಟ್ ಎತ್ತುವ ಮೊದಲೇ ಹೇಳಿದ್ದು ಒಂದೇ ಮಾತು: ‘ವೇಪರ್ ಲಾಕ್ ಆಣ್.’ ಅಂದರೆ ಬಿಸಿಗೆ ಪೆಟ್ರೋಲ್ ಪೈಪಿನಲ್ಲೇ ಆವಿಯಾಗಿ ಪಂಪ್ ಎತ್ತಲಾರದೆ ಹೋಗುವುದು. ಆ ಒಂದು ಮಾತಿಗೆ ಹೋದ ದುಡ್ಡು ನೆನಪಿನಿಂದ ಬರೆಯುತ್ತೇನೆ. ಕಾರ್ಬೊರೇಟರ್ ಕಿಟ್ 900, ಪಂಪ್ ಕಿಟ್ 350, ಆಮೇಲೆ ಹೊಸ ಪಂಪೇ ಎರಡು ಸಲ, ಒಂದೊಂದಕ್ಕೆ 1,800ರ ಹತ್ತಿರ. ಬಿಸಿ ಜಾಸ್ತಿ ಅಂತ ರೇಡಿಯೇಟರ್ ಬಿಚ್ಚಿ ಕೋರ್ ಬದಲಿಸಿದ್ದು ಆರೂವರೆ ಸಾವಿರ. ಹೆಡ್ ಬಿಚ್ಚಿ ಗ್ಯಾಸ್ಕೆಟ್ ಹಾಕಿದ್ದು ಕೂಲಿ ಸೇರಿ ಏಳೆಂಟು ಸಾವಿರ. ಒಟ್ಟು ಹತ್ತೊಂಬತ್ತು ಸಾವಿರದ ಹತ್ತಿರ ಹೋಯಿತು. ಗಾಡಿ ನಿಲ್ಲುವ ತಿರುವು ಮಾತ್ರ ಬದಲಾಗಲಿಲ್ಲ. ಕೊನೆಗೆ ದೋಷ ಹಿಡಿದ ಸಾಮಾನಿಗೆ ಬಿದ್ದದ್ದು 1,400.

ಶೆಡ್ಡಿನಲ್ಲಿ ತಣ್ಣಗೆ ನಿಂತ ಗಾಡಿಯಲ್ಲಿ ಈ ದೋಷ ಹುಡುಕಿ ಪ್ರಯೋಜನವಿಲ್ಲ. ನಿಂತ ಮೊದಲ ಎರಡು ನಿಮಿಷದಲ್ಲಿ, ಅದು ನಿಂತ ಜಾಗದಲ್ಲೇ ನೋಡಬೇಕು. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿದಾಗ ಸ್ಟಾರ್ಟ್ ಆಯಿತು, ಹಾಗಾಗಿ ವೇಪರ್ ಲಾಕೇ ಅನ್ನುವ ವಾದಕ್ಕೆ ನಾನೂ ಎರಡು ವರ್ಷ ಬಿದ್ದಿದ್ದೆ. ತೋಡಿಗಿಳಿದು ನೀರು ತಂದು ಹೊಯ್ಯುವಷ್ಟರಲ್ಲಿ ಕಾಲು ಗಂಟೆ ಕಳೆದಿರುತ್ತದೆ. ಅಷ್ಟರಲ್ಲಿ ಪಂಪ್ ಮಾತ್ರ ಅಲ್ಲ, ಸ್ಪಾರ್ಕ್ ಕೊಡುವ ಕಾಯಿಲೂ ಕಂಡೆನ್ಸರೂ ತಣಿದಿರುತ್ತವೆ. ಯಾವುದು ತಣಿದದ್ದರಿಂದ ಸ್ಟಾರ್ಟ್ ಆಯಿತು ಅಂತ ಆ ನೀರು ಹೇಳುವುದಿಲ್ಲ.

ನಿಂತ ಕೂಡಲೇ ನಾನು ಮಾಡುವುದು ಇಷ್ಟು. ಕೀ ಆಫ್, ಏರ್ ಕ್ಲೀನರ್ ತೆಗೆದು ಕಾರ್ಬೊರೇಟರಿನ ಬಾಯಿ ನೋಡುತ್ತಾ ಥ್ರಾಟಲ್ ಒಮ್ಮೆ ಎಳೆಯುವುದು. ಆಕ್ಸಿಲರೇಟರ್ ಪಂಪಿನಿಂದ ಪೆಟ್ರೋಲ್ ಗಟ್ಟಿ ಗೆರೆಯಾಗಿ ಹಾರಿದರೆ ಕಾರ್ಬೊರೇಟರಿನ ಪೆಟ್ರೋಲ್ ಬಟ್ಟಲು ಅಂದರೆ ಬೌಲ್‌ನಲ್ಲಿ ಪೆಟ್ರೋಲ್ ಉಂಟು, ತಪ್ಪು ಕರೆಂಟಿನದ್ದು. ತುಂತುರು ಬಂದರೆ, ಅಥವಾ ಏನೂ ಬಾರದಿದ್ದರೆ, ಪೆಟ್ರೋಲ್ ಬರುವ ದಾರಿಯದ್ದು. ಹತ್ತು ಸೆಕೆಂಡಿನ ಕೆಲಸ. ಅದರ ನಂತರವೇ ಸ್ಪಾರ್ಕ್: ಏರ್ ಕ್ಲೀನರ್ ಮುಚ್ಚಿ, ಡಿಸ್ಟ್ರಿಬ್ಯೂಟರ್ (ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಡಬ್ಬಿ) ಕ್ಯಾಪಿನ ನಡುವಿನ ವಯರ್ ತೆಗೆದು ಬ್ಲಾಕಿನಿಂದ ಐದಾರು ಮಿ.ಮೀ. ದೂರ ಹಿಡಿದು, ಕೀ ಆನ್ ಮಾಡಿ, ಪಾಯಿಂಟನ್ನು (ಡಿಸ್ಟ್ರಿಬ್ಯೂಟರ್ ಒಳಗೆ ಕಾಯಿಲಿನ ಕರೆಂಟ್ ಕಡಿಯುವ ಸ್ವಿಚ್ಚು) ಬಿಚ್ಚಿಸುವುದು. ಚಟ್ ಅಂತ ನೀಲಿ ಬಂದರೆ ಸರಿ. ಹಳದಿ ನೂಲಿನಂತೆ ಬಂದರೆ, ಜೊತೆಗೆ ಪಾಯಿಂಟಿನಲ್ಲೇ ದಪ್ಪ ಕಿಡಿ ಕಂಡರೆ, ಕಂಡೆನ್ಸರ್. ಪೆಟ್ರೋಲ್ ಚೆಲ್ಲಿದ್ದರೆ ಇದನ್ನು ಮಾಡಲೇಬೇಡಿ.

ನಿಲ್ಲುವ ರೀತಿಯಲ್ಲೂ ವ್ಯತ್ಯಾಸ ಉಂಟು. ಪೆಟ್ರೋಲ್ ಸಾಲದೆ ನಿಲ್ಲುವ ಗಾಡಿ ನೂರು ಮೀಟರ್ ಮೊದಲೇ ಎಳೆಯಲಾರದೆ ಕೆಮ್ಮುತ್ತದೆ. ಕಾರ್ಬೊರೇಟರಿನಲ್ಲಿ ‘ಪುಸ್ಸ್’ ಅನ್ನುತ್ತದೆ, ಚೋಕ್ ಎಳೆದರೆ ಸ್ವಲ್ಪ ಚೇತರಿಸುತ್ತದೆ. ಕರೆಂಟ್ ಹೋದದ್ದು ಕೀ ತಿರುಗಿಸಿದ ಹಾಗೆ ಒಮ್ಮೆಲೇ. ನನ್ನ ಗಾಡಿಯಲ್ಲಿ ಕೆಲವು ದಿನ ಹೀಗೆ, ಕೆಲವು ದಿನ ಹಾಗೆ. ದೋಷ ಎರಡು, ಒಂದರ ಮೇಲೊಂದು ಕೂತಿದ್ದವು. ಒಂದನ್ನು ಸರಿ ಮಾಡಿದಾಗ ಇನ್ನೊಂದು ಗಾಡಿ ನಿಲ್ಲಿಸುತ್ತಿತ್ತು. ಆಗ ‘ಅದಲ್ಲ ಕಾರಣ’ ಅಂತ ಮೊದಲನೆಯದನ್ನು ಬಿಟ್ಟುಬಿಡುವುದು.

ಇನ್ನು ಬಾಟ್ಲಿ. ಒಂದು ಲೀಟರಿನ ಲೋಹದ ಬಾಟ್ಲಿ, ತಳದಲ್ಲಿ ಹಿತ್ತಾಳೆ ನಾಝಲ್, ಒಂದು ಟ್ಯಾಪ್, ಮುಚ್ಚಳದಲ್ಲಿ ಸಣ್ಣ ತೂತು. ಇದಕ್ಕೆ ಪೆಟ್ರೋಲ್ ತುಂಬಿ, ನಾಝಲಿನ ಪೈಪು ಕಾರ್ಬೊರೇಟರಿಗೆ ಕೊಟ್ಟು, ಅದಕ್ಕಿಂತ ಒಂದೂವರೆ ಅಡಿ ಎತ್ತರದಲ್ಲಿ, ಎಕ್ಸಾಸ್ಟ್ ಇರುವ ಬದಿ ಬಿಟ್ಟು ಆಚೆ ಬದಿಗೆ, ಬಾನೆಟ್ ಸ್ಟೇಗೆ ಬಿಗಿಯಾಗಿ ಕಟ್ಟಿದರೆ ಪಂಪಿಲ್ಲದೆ ಎಂಜಿನ್ ಓಡುತ್ತದೆ. ಗಾಡಿ ನಿಂತೇ ಇರಬೇಕು, ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಬೇಕು. ಇದು ಎಲ್ಲರಿಗೂ ಗೊತ್ತಿರುವುದೇ. ಹಳಬರು ನಕ್ಕದ್ದು ಇದರ ಮುಂದಿನ ಹೆಜ್ಜೆಗೆ. ಎಂಜಿನ್ ಬಾಟ್ಲಿಯಲ್ಲಿ ಓಡುತ್ತಿರುವಾಗ ಎಸಿ ಪಂಪ್ ಸುಮ್ಮನಿರುವುದಿಲ್ಲ, ತನ್ನ ಪಾಡಿಗೆ ಎತ್ತುತ್ತಲೇ ಇರುತ್ತದೆ. ಅದರ ಹೊರಗಿನ ಪೈಪನ್ನು ಅಳತೆಯ ಜಾರಿಗೆ ಬಿಟ್ಟು ಒಂದು ನಿಮಿಷ ಹಿಡಿಯುವುದು. ಜಾರು ಅಡಕೆಗೆ ಹೊಡೆಯುವ ಬೋರ್ಡೋ ಮದ್ದಿಗೆ ಮೈಲುತುತ್ತು ಅಳೆಯುವ ಗಾಜಿನದ್ದು. ತಣ್ಣಗಿರುವಾಗ ಐಡ್ಲಿಂಗಿನಲ್ಲಿ ನಿಮಿಷಕ್ಕೆ ಅರ್ಧ ಲೀಟರ್ ಆಸುಪಾಸು ಬಂತು. ಪೊಸಡಿಗುಂಪೆ ಗುಡ್ಡದ ಏರು ಹತ್ತಿಸಿ, ಬಿಸಿಯಲ್ಲೇ ಅಳೆದರೆ ನೂರೈವತ್ತು ಮಿ.ಲೀ. ಕೂಡ ಇಲ್ಲ, ಅದರಲ್ಲೂ ನೊರೆ. ಪಂಪ್ ಹೊಸದು. ಹಾಗಾದರೆ ಪಂಪಿಗೆ ಬರುವ ಪೆಟ್ರೋಲಿನಲ್ಲೇ ಗಾಳಿ ಉಂಟು ಅಂತಾಯಿತು.

ಟ್ಯಾಂಕಿನಿಂದ ಪಂಪಿನವರೆಗಿನ ಪೈಪು ಎಳೆಯುವ ಬದಿ. ಅಲ್ಲಿ ಕೂದಲಿನಷ್ಟು ಬಿರುಕು ಬಿಟ್ಟರೆ ಪೆಟ್ರೋಲ್ ಹೊರಗೆ ತೊಟ್ಟಿಕ್ಕುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಹೊರಗೆ ಒದ್ದೆಯೂ ಇಲ್ಲ, ವಾಸನೆಯೂ ಇಲ್ಲ. ಪಂಪಿನ ಮೊದಲು ಅರ್ಧ ಅಡಿ ಪಾರದರ್ಶಕ ಹೋಸ್ ಹಾಕಿದಾಗ ಗುಳ್ಳೆಗಳು ಸಾಲಾಗಿ ಹೋಗುವುದು ಕಂಡಿತು. (ಸ್ಪ್ರೇಯರಿನ ಪಿವಿಸಿ ಹೋಸ್ ಇದಕ್ಕೆ ಒಂದು ದಿನಕ್ಕೆ ಸಾಕು. ವಾರ ಬಿಟ್ಟರೆ ಒಣಗಿದ ಕಂಗಿನ ಸೋಗೆಯ ಹಾಗೆ ಗಟ್ಟಿಯಾಗಿ ಜಾರಿ ಬೀಳುತ್ತದೆ. ನನ್ನದು ಬಿದ್ದಿತ್ತು.) ಆಮೇಲೆ ಪೈಪಿನ ಎರಡು ತುದಿ ಬಿಚ್ಚಿ, ಪೆಟ್ರೋಲ್ ಪೂರ್ತಿ ಬಸಿದು, ಹಿಂದಿನ ತುದಿ ಮುಚ್ಚಿ, ಮುಂದಿನಿಂದ ಸೈಕಲ್ ಪಂಪಿನಲ್ಲಿ ಮೆಲ್ಲ ಗಾಳಿ ಹೊಡೆದು ಸೋಪು ನೀರು ಹಚ್ಚಿದೆ. ನೊರೆ ಎದ್ದದ್ದು ಎರಡು ಕಡೆ: ಎಂಜಿನ್ ಹತ್ತಿರದ ರಬ್ಬರ್ ಹೋಸಿನ ಕ್ಲಿಪ್ ಕೆಳಗೆ, ಮತ್ತೆ ಹಿಂದಿನ ಆಕ್ಸಲ್ ಮೇಲೆ ಕಬ್ಬಿಣದ ಪೈಪು ಕ್ಲಾಂಪಿಗೆ ಉಜ್ಜಿ ತುಕ್ಕು ಹಿಡಿದಲ್ಲಿ. ನಮ್ಮ ಕರಾವಳಿಯ ಉಪ್ಪುಗಾಳಿಗೆ ಕ್ಲಾಂಪಿನ ಅಡಿ ಮೊದಲು ಹೋಗುತ್ತದೆ. ಟ್ಯಾಂಕಿಗೆ ಮಾತ್ರ ಯಾವತ್ತೂ ಗಾಳಿ ಹೊಡೆಯಬೇಡಿ.

ಆ ರಬ್ಬರ್ ಹೋಸ್ ಹಾಕಿ ಎರಡು ವರ್ಷವೂ ಆಗಿರಲಿಲ್ಲ. ಕೈಯಲ್ಲಿ ಬಗ್ಗಿಸಿದರೆ ಒಳಪದರ ಪುಡಿಯಾಗಿ ಉದುರುತ್ತದೆ. 2023ರಲ್ಲಿ ಶುರುವಾದ ಇ20 (ಶೇಕಡಾ 20 ಎಥನಾಲ್ ಬೆರೆಸಿದ ಪೆಟ್ರೋಲ್) ಈಗ ಎಲ್ಲ ಬಂಕಿನಲ್ಲೂ ಬರುತ್ತಿದೆ, ಹಳೆ ಮಾದರಿಯ ರಬ್ಬರಿಗೆ ಎಥನಾಲ್ ಆಗಿಬರುವುದಿಲ್ಲ. ನಿಜವಾಗಿ ಎಷ್ಟು ಬೆರೆತಿದೆ ಅಂತ ನೋಡುವ ಚಪಲಕ್ಕೆ ಅದೇ ಜಾರಿನಲ್ಲಿ 100 ಮಿ.ಲೀ. ಪೆಟ್ರೋಲಿಗೆ 10 ಮಿ.ಲೀ. ನೀರು ಹಾಕಿ ಕುಲುಕಿ ಹತ್ತು ನಿಮಿಷ ಇಟ್ಟೆ. ಕೆಳಗಿನ ನೀರಿನ ಗೆರೆ 10ರಿಂದ 28–29ಕ್ಕೆ ಏರಿತು. ಎಥನಾಲ್ ನೀರಿನ ಕಡೆ ಇಳಿದು ಬರುತ್ತದೆ. ಮಳೆಗಾಲದಲ್ಲಿ ಟ್ಯಾಂಕಿಗೆ ನೀರು ಸೇರಿದರೆ ಒಳಗೂ ಇದೇ ಆಗುವುದು. ಅರ್ಧ ಟ್ಯಾಂಕಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಡಿ ಮುಚ್ಚಿಡುವವರು ಇದನ್ನು ಒಮ್ಮೆ ಮಾಡಿ ನೋಡಲಿ.

ಹೊಸ ಹೋಸ್ ಇಂಜೆಕ್ಷನ್ ಗಾಡಿಯದ್ದು ತಂದೆ, ಮೀಟರಿಗೆ 350ರ ಆಸುಪಾಸು. ಕಬ್ಬಿಣದ ಪೈಪಿನ ಹಾಳಾದ ಎರಡಡಿ ಕತ್ತರಿಸಿ ತಾಮ್ರ–ನಿಕಲ್ ಪೈಪು ಜೋಡಿಸಿದೆ. ಆಮೇಲೆ ಬಿಸಿಯಲ್ಲಿ ಅಳೆದರೆ ನಾನೂರು ಚಿಲ್ಲರೆ. ಕೆಮ್ಮು ಹೋಯಿತು, ಆದರೆ ‘ಕೀ ತಿರುಗಿಸಿದ ಹಾಗೆ’ ನಿಲ್ಲುವುದು ಹೋಗಲಿಲ್ಲ.

ಅದು ಕಂಡೆನ್ಸರ್. ಈಗ ಅಂಗಡಿಯಲ್ಲಿ ಸಿಗುವ 70–80 ರೂಪಾಯಿಯ ಕಂಡೆನ್ಸರ್ ನಾಲ್ಕು ಹಾಕಿದೆ. ಒಂದು ಪೊಟ್ಟಣದಿಂದಲೇ ಸತ್ತು ಬಂದಿತ್ತು, ಇನ್ನೆರಡು ಕಂಡೆನ್ಸರ್ ತಿಂಗಳು ಕಳೆಯುವ ಮೊದಲೇ ಹೋದವು. ಸೀಲಿಂಗ್ ಫ್ಯಾನಿನ 2.5 ಮೈಕ್ರೊಫ್ಯಾರಡ್ ಹಾಕಿ ಓಡಿಸಿದವರು ಇದ್ದಾರೆ, ಅವರ ಪಾಯಿಂಟ್ ನೋಡಿ: ಒಂದು ಬದಿ ಗುಂಡಿ, ಇನ್ನೊಂದು ಬದಿ ಗುಡ್ಡ. ಬೇಕಾದದ್ದು 0.2 ಆಸುಪಾಸು. ನಾನು ಟಿವಿ ರಿಪೇರಿಯವರಲ್ಲಿ ಸಿಗುವ 0.22, 630 ವೋಲ್ಟಿನ ಫಿಲಂ ಕೆಪಾಸಿಟರನ್ನು ಹಳೆ ಕಂಡೆನ್ಸರಿನ ಡಬ್ಬಿಯೊಳಗೆ ಎಪಾಕ್ಸಿ ಹೊಯ್ದು ಕೂರಿಸಿದೆ. ಡಿಸ್ಟ್ರಿಬ್ಯೂಟರ್ ಒಳಗೆ ಅಲ್ಲ, ಹೊರಗೆ, ಕಾಯಿಲಿನ ಕ್ಲಾಂಪಿಗೆ. ಎಪಾಕ್ಸಿ ಇಲ್ಲದೆ ಮಾಡಿದ ಮೊದಲನೆಯದರ ಕಾಲು ಅದುರಿ ಅದುರಿ ತುಂಡಾಗಿತ್ತು. ಕಾಯಿಲೂ ಅಳೆಯಿರಿ: ಬ್ಯಾಲಸ್ಟ್ (ಕಾಯಿಲಿಗೆ ಹೋಗುವ ಕರೆಂಟ್ ತಗ್ಗಿಸುವ ರೆಸಿಸ್ಟರ್) ಇಲ್ಲದ ಗಾಡಿಗೆ 3 ಓಮ್ ಮೇಲಿರಬೇಕು. ಒಂದೂವರೆ ಓಮಿನದ್ದನ್ನು ನೇರ ಹಾಕಿದರೆ ಕಾಯಿಲು ಮುಟ್ಟಲಾಗದಷ್ಟು ಕಾಯುತ್ತದೆ, ಪಾಯಿಂಟೂ ಸುಡುತ್ತದೆ.

ಹಾಗಾದರೆ ವೇಪರ್ ಲಾಕ್ ಸುಳ್ಳೇ? ಪೂರ್ತಿ ಸುಳ್ಳಲ್ಲ. ಇನ್‌ಲೆಟ್, ಎಕ್ಸಾಸ್ಟ್ ಎರಡೂ ಒಂದೇ ಬದಿಯಲ್ಲಿರುವ ಈ ಎಂಜಿನಿನಲ್ಲಿ ಕಾರ್ಬೊರೇಟರಿಗೆ ಕೆಳಗಿನಿಂದ ಬಿಸಿ ತಟ್ಟುತ್ತಲೇ ಇರುತ್ತದೆ. ಪಂಪಿಗೂ ಎಕ್ಸಾಸ್ಟಿಗೂ ನಡುವೆ ಅಡಕೆ ಹಾಳೆ ಎರಡು ಪದರ ಕಟ್ಟಿ ನೋಡಿದ್ದೂ ಆಯಿತು. ಮೂವತ್ತು ಕಿಲೋಮೀಟರ್ ಚೆನ್ನಾಗಿತ್ತು, ಆಮೇಲೆ ಸುಟ್ಟ ವಾಸನೆ ಬಂದು ಕಿತ್ತೆಸೆದೆ. ತಗಡು ಸಾಕು, ನಡುವೆ ಗಾಳಿಗೆ ಜಾಗ ಬಿಟ್ಟು.

ಕೆಲಸ ಕೊಟ್ಟದ್ದು ರಿಟರ್ನ್ ಪೈಪು. ಕಾರ್ಬೊರೇಟರ್ ಪಕ್ಕದಲ್ಲೇ ಒಂದು ಟಿ, ಅದರ ಒಂದು ಕಾಲಿನಲ್ಲಿ ಸಣ್ಣ ತೂತಿನ ಜೆಟ್, ಅಲ್ಲಿಂದ ಪೈಪು ಟ್ಯಾಂಕಿಗೆ ವಾಪಸ್. ಆವಿ ಆ ದಾರಿಯಲ್ಲಿ ಹೋಗುತ್ತದೆ, ಟ್ಯಾಂಕಿನ ತಣ್ಣನೆ ಪೆಟ್ರೋಲ್ ತಿರುಗುತ್ತಾ ಇರುತ್ತದೆ. ತೂತು ದೊಡ್ಡದಾದರೆ ಏರಿನಲ್ಲಿ ಬೌಲ್ ಖಾಲಿ, ಸಣ್ಣದಾದರೆ ಕಸ ಕಟ್ಟುತ್ತದೆ. ಮೂರನೇ ಜೆಟ್ ಸರಿ ಬಂತು. ಅದು ಯಾವ ಗಾಡಿಯದ್ದು ಅಂತ ಮಾತ್ರ ಬರೆಯುವುದಿಲ್ಲ, ಗುಜರಿಯಲ್ಲಿ ಅದರ ರೇಟು ಏರುವುದು ಬೇಡ.

‘ಇಷ್ಟೆಲ್ಲ ಯಾಕೆ ಮಾರಾಯ, ಹಿಂದೆ ಒಂದು ಎಲೆಕ್ಟ್ರಿಕ್ ಪಂಪ್ ಇಟ್ಟರೆ ಮುಗಿಯಿತಲ್ಲ’ ಅನ್ನುವವರಿಗೆ: ಮುಗಿಯುತ್ತದೆ. ಆದರೆ ಮೊದಲು ಗಾಳಿ ಎಳೆಯುತ್ತಿದ್ದ ಬಿರುಕು ಈಗ ಪೆಟ್ರೋಲ್ ಚೆಲ್ಲುತ್ತದೆ. ಹಳೆ ಎಸಿ ಪಂಪನ್ನು ದಾರಿಯಲ್ಲೇ ಬಿಟ್ಟಿದ್ದು ಅದರ ಒಳಗಿನ ಪೊರೆ, ಡಯಾಫ್ರಂ, ಹರಿದರೆ ಪೆಟ್ರೋಲ್ ಸೀದಾ ಆಯಿಲ್ ಚೇಂಬರಿಗೆ ಇಳಿಯುತ್ತದೆ. ಇಡುವುದಾದರೆ ಹಳೆಯದನ್ನು ತೆಗೆದು ಪ್ಲೇಟ್ ಮುಚ್ಚಿ, ತಿಂಗಳಿಗೊಮ್ಮೆ ಡಿಪ್‌ಸ್ಟಿಕ್ ಮೂಸಿ ನೋಡಿ.

ಕಳೆದ ಏಪ್ರಿಲ್‌ನಲ್ಲಿ ನಾಲ್ಕು ಜನ, ಡಿಕ್ಕಿ ತುಂಬ ಸಾಮಾನು, ಮಧ್ಯಾಹ್ನ ಒಂದೂವರೆಗೆ ಸಂಪಾಜೆ ಬಿಟ್ಟು ಮಡಿಕೇರಿವರೆಗೆ ಎಲ್ಲೂ ನಿಲ್ಲಲಿಲ್ಲ. ಆಮೇಲೆ ಮೂರು ಸಲ ಹತ್ತಿಸಿದ್ದೇನೆ. ಈಗ ಉಳಿದದ್ದು ಒಂದೇ ತಕರಾರು: ಬಿಸಿ ಎಂಜಿನ್ ಆಫ್ ಮಾಡಿ ಚಹಾ ಕುಡಿದು ಬಂದರೆ ಬೌಲ್ ಕುದಿದು ಫ್ಲಡ್ ಆಗಿರುತ್ತದೆ. ಆಕ್ಸಿಲರೇಟರ್ ಪಂಪ್ ಮಾಡದೆ ಅರ್ಧಕ್ಕೆ ಒತ್ತಿ ಹಿಡಿದು ಐದಾರು ಸೆಕೆಂಡ್ ಸೆಲ್ಫ್ ಹೊಡೆದರೆ ಹಿಡಿಯುತ್ತದೆ. ಕಾರ್ಬೊರೇಟರ್ ಕೆಳಗೆ ದಪ್ಪ ಬೇಕಲೈಟ್ ಪ್ಯಾಕಿಂಗ್ ಕೊರೆಸಲು ಕೊಟ್ಟಿದ್ದೇನೆ, ಎಂಟು ಮಿ.ಮೀ.ಯದ್ದು. ಬಾನೆಟಿಗೆ ತಾಗದಿದ್ದರೆ ಸಾಕು.